ಧಾಬಳಿಯ ಬನಿಯನ್

ಸರ್ರಕ್, ಸರ್ರಕ್, ಸರ್ರಕ್. ನೈಲಾನ್ ಪ್ಯಾಂಟಿನ ಎರಡು ಕಾಲುಗಳು ಒಂದನ್ನೊಂದು ಉಜ್ಜುವ ಸದ್ದು. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಇದ್ದವರಿಗೆ ಆ ಪ್ಯಾಂಟು ನೆನಪಿರುತ್ತದೆ. ನೇರಳೆ ಬಣ್ಣ, ಪಕ್ಕದಲ್ಲಿ ಹಸಿರು ಪಟ್ಟಿ, ಪಾದದ ಹತ್ತಿರ ಜಿಪ್. ನಿಂತಾಗ ಸುಮ್ಮನಿರುತ್ತಿತ್ತು, ಒಂದು ಹೆಜ್ಜೆ ಇಟ್ಟರೆ ಮನೆಗೆಲ್ಲ ಡಂಗುರ. ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸಿನ ಗೋಡೆಗಳು ರಟ್ಟಿನಂಥವು. ನಾನು ಬೆಳಿಗ್ಗೆ ಮೆಟ್ಟಿಲು ಇಳಿದರೆ ಮೂರು ಮಹಡಿಗೂ ಸುದ್ದಿ ಮುಟ್ಟುತ್ತಿತ್ತು.

“ಮಾಮ್, ಯು ಸೌಂಡ್ ಲೈಕ್ ಅ ಬ್ಯಾಗ್ ಆಫ್ ಚಿಪ್ಸ್!” ಎಂದು ಹದಿನಾಲ್ಕು ವರ್ಷದ ಮಗಳು ದಿಂಬಿನ ಕೆಳಗಿನಿಂದ ಕೂಗುತ್ತಿದ್ದಳು. ಅದು ತಮಾಷೆ. ಅಡುಗೆಮನೆಯಿಂದ ಬರುತ್ತಿದ್ದ ಇನ್ನೊಂದು ದನಿ ತಮಾಷೆಯದಲ್ಲ.

“ಹೊರಟ್ಳಪ್ಪ ಪ್ಲಾಸ್ಟಿಕ್ ದೊರೆಸಾನಿ.”

ಅದು ನನ್ನ ಗಂಡನ ಅಕ್ಕ.

ನಾನು ಓಡಲು ಶುರುಮಾಡಿದ್ದು ಶೋಕಿಗಲ್ಲ. ಚಿಕ್ಕಂದಿನಲ್ಲಿ ಓಡಿದ್ದೆ, ನಿಜ. ಮೈಸೂರಿನ ಕಾನ್ವೆಂಟಿನಲ್ಲಿ ಸ್ಪೋರ್ಟ್ಸ್ ಡೇ ದಿನ ಇನ್ನೂರು ಮೀಟರ್ ಓಡಿ ಒಂದು ಗುಲಾಬಿ ಬಣ್ಣದ ಸೋಪ್ ಬಾಕ್ಸ್ ಗೆದ್ದಿದ್ದೆ. ನೇವಿ ಬ್ಲೂ ಡಿವೈಡೆಡ್ ಸ್ಕರ್ಟು, ಹಿಂದಿನ ಸಂಜೆಯೇ ಬಿಳಿ ಪಾಲಿಶ್ ಬಳಿದು ಒಣಗಿಸಿದ ಕ್ಯಾನ್ವಾಸ್ ಶೂ. “ಎಲ್ಬೋಸ್ ಇನ್, ಗರ್ಲ್ಸ್, ಎಲ್ಬೋಸ್ ಇನ್!” ಎಂದು ಪಿ.ಟಿ. ಸಿಸ್ಟರ್ ತಮ್ಮ ಬಿಳಿ ನಿಲುವಂಗಿಯನ್ನು ಎತ್ತಿಕೊಂಡು ಗೆರೆಯ ಪಕ್ಕದಲ್ಲೇ ಓಡುತ್ತಿದ್ದರು. ಆಮೇಲೆ ಮೂವತ್ತು ವರ್ಷ ನಾನು ಓಡಿದ್ದು ಬಸ್ಸಿನ ಹಿಂದೆ, ಹಾಲು ಉಕ್ಕಿದಾಗ ಒಲೆಯ ಕಡೆಗೆ.

ನಲವತ್ತೆಂಟನೆಯ ವಯಸ್ಸಿನಲ್ಲಿ ಡಾಕ್ಟರು ರಿಪೋರ್ಟ್ ನೋಡಿ “ಶುಗರ್ ಬಾರ್ಡರ್‌ಲೈನ್” ಎಂದರು. ಹಗುರವಾಗಿ ಹೇಳಿದರು. ನನಗೆ ಅದು ಹಗುರವಾಗಿ ಕೇಳಿಸಲಿಲ್ಲ. ನನ್ನ ಅಮ್ಮನಿಗೆ ಇದೇ ಕಾಯಿಲೆಯಲ್ಲಿ ಮೊದಲು ಎಡಗಾಲಿನ ಎರಡು ಬೆರಳು ಹೋದವು, ಆಮೇಲೆ ಪಾದ. ಅವಳು ತೀರಿಕೊಂಡ ಮೇಲೆ ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ ಸಿಕ್ಕಿತು. ಬಲಗಾಲಿನದು ಸವೆದು ಹೋಗಿತ್ತು, ಎಡಗಾಲಿನದು ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಆ ಚಪ್ಪಲಿಯನ್ನು ಕಸಕ್ಕೆ ಹಾಕಿದವಳು ನಾನೇ. ಹಾಗಾಗಿ ಡಾಕ್ಟರು “ಮಾರ್ಚ್ ಮೊದಲ ವಾರ ಮತ್ತೆ ಟೆಸ್ಟ್ ಮಾಡೋಣ, ಅಲ್ಲೀವರೆಗೆ ವಾರಕ್ಕೆ ನಾಲ್ಕು ದಿನ ಓಡಿ, ಒಂದು ದಿನವೂ ತಪ್ಪಿಸಬೇಡಿ” ಎಂದಾಗ ಹೂಂ ಎಂದು ಬಂದೆ. ಬೇಸಿಗೆಯಲ್ಲಿ ನಡೆದೆ, ಎಲೆ ಉದುರುವ ಹೊತ್ತಿಗೆ ಓಡುತ್ತಿದ್ದೆ. ಮಾರ್ಚ್ ತನಕ ತಳ್ಳಬೇಕು. ನಡುವೆ ಇದ್ದದ್ದು ಚಳಿಗಾಲ.

“ಮಾಲ್‌ನಲ್ಲಿ ವಾಕ್ ಮಾಡು, ಹೀಟಿಂಗ್ ಇರತ್ತೆ” ಎಂದರು ನನ್ನ ಗಂಡ. ಒಂದು ದಿನ ಹೋದೆ. ಸೇಲ್ ಬೋರ್ಡುಗಳ ನಡುವೆ ದೆವ್ವದ ಹಾಗೆ ಸುತ್ತಿ ಬಂದೆ. ಅದು ನನ್ನಿಂದ ಆಗಲಿಲ್ಲ.

ಬಟ್ಟೆಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ: ಮೈಗೆ ಹತ್ತಿ ಒಳ್ಳೆಯದು. ಮಗುವಿಗೆ ಹತ್ತಿ, ಬಾಣಂತಿಗೆ ಹತ್ತಿ, ಜ್ವರ ಬಂದವರಿಗೆ ಹತ್ತಿ. ನೈಲಾನ್ ಎಂದರೆ ಸ್ಟೋವಿನ ಹತ್ತಿರ ಹೊತ್ತಿಕೊಳ್ಳುವ ದರಿದ್ರ. ನವೆಂಬರಿನಲ್ಲಿ ಗಂಡನ ಎರಡು ಕಾಟನ್ ಬನಿಯನ್ ಒಂದರ ಮೇಲೊಂದು, ಅದರ ಮೇಲೆ ದಪ್ಪ ಕಾಟನ್ ಸ್ವೆಟ್‌ಶರ್ಟು, ತಲೆಗೆ ಊರಿನಿಂದ ತಂದ ಮಂಕಿ ಕ್ಯಾಪು ಹಾಕಿಕೊಂಡು ಹೊರಟೆ. ಮೊದಲ ಮೈಲಿ ಸುಖ. ಎರಡನೆಯದರಲ್ಲಿ ಬೆವರು. ಮೂರನೆಯದರಲ್ಲಿ ಗಾಳಿ ಎದುರಾಯಿತು. ಆ ಬೆವರೆಲ್ಲ ತಣ್ಣಗಾಗಿ, ಬಾವಿಯಿಂದ ಎತ್ತಿದ ಒದ್ದೆ ಬಟ್ಟೆಯನ್ನು ಬೆನ್ನಿಗೆ ಸುತ್ತಿದ ಹಾಗಾಯಿತು. ಅದೇ ವೇಷದಲ್ಲಿ ಓಟದ ಸಾಮಾನಿನ ಒಂದು ಅಂಗಡಿಗೆ ನುಗ್ಗಿದೆ.

ಅಂಗಡಿಯವನು ಒಣಗಿದ ಕಡ್ಡಿಯಂಥ ಮುದುಕ. ನರೆತ ಕೂದಲನ್ನು ಜುಟ್ಟು ಕಟ್ಟಿದ್ದ. ಗ್ರಾಹಕರ ಬಗ್ಗೆ ಅವನಿಗೆ ಯಾವ ಮರ್ಯಾದೆಯೂ ಇರಲಿಲ್ಲ. ನನ್ನ ತೋಳಿನ ತುದಿ ಹಿಡಿದು ಹಿಂಡಿದ. ನಾಲ್ಕು ಹನಿ ಅವನ ಕಾರ್ಪೆಟ್ಟಿನ ಮೇಲೆ ಬಿದ್ದವು.

“ಮ್ಯಾಮ್, ಕಾಟನ್ ಈಸ್ ಯುವರ್ ಎನಿಮಿ.”

ನನಗೆ ರೇಗಿತು. “ನಮ್ಮ ದೇಶ ಕಾಟನ್ ನೂತುಕೊಂಡೇ ಬ್ರಿಟಿಷರನ್ನ ಓಡಿಸಿತು” ಎಂದು ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದೆ.

“ದೆನ್ ರನ್ ಇನ್ ಇಂಡಿಯಾ” ಎಂದ.

ಇಂಥವನ ಮಾತನ್ನು ನಂಬಬಹುದು ಎನ್ನಿಸಿತು. ಅವನು ಹೇಳಿದ್ದೆಲ್ಲ ನನಗೆ ಇನ್ನೂ ಬಾಯಿಪಾಠ. ಥರ್ಮಾಮೀಟರ್ ಎಷ್ಟು ತೋರಿಸುತ್ತದೋ ಅದಕ್ಕಿಂತ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹತ್ತು ಹದಿನೈದು ಡಿಗ್ರಿ ಬೆಚ್ಚಗಿದೆ ಅಂದುಕೊಂಡು ಬಟ್ಟೆ ಹಾಕಬೇಕು. ಬಾಗಿಲು ದಾಟಿದಾಗ ಚಳಿ ಅನ್ನಿಸಲೇಬೇಕು. ಹಿತವಾಗಿದ್ದರೆ ಒಂದು ಬಟ್ಟೆ ಹೆಚ್ಚಾಯಿತು ಅಂತ ಅರ್ಥ, ವಾಪಸ್ ಹೋಗಿ ಬಿಚ್ಚಿಡು. ಮೈಗೆ ಅಂಟುವ ಮೊದಲ ಬಟ್ಟೆಯದೇ ಮುಖ್ಯ ಕೆಲಸ: ಬೆವರನ್ನು ಹೀರಿ ಇಟ್ಟುಕೊಳ್ಳಬಾರದು, ಹೊರಗೆ ದಾಟಿಸಬೇಕು. ಮೇಲಿನದು ಗಾಳಿ ತಡೆದರೆ ಸಾಕು. ಗ್ಲೌಸಿಗಿಂತ ಬೆರಳುಗಳು ಒಟ್ಟಿಗಿರುವ ಮಿಟನ್ ಮೇಲು. ತಲೆಗೆ ಮಂಕಿ ಕ್ಯಾಪ್ ಬೇಡ, ಕಿವಿ ಮುಚ್ಚುವ ಪಟ್ಟಿ ಸಾಕು.

“ಮೊದಲ ಬಟ್ಟೆಗೆ ಉಣ್ಣೆಯಾದರೂ ನಡೆಯುತ್ತೆ, ಒದ್ದೆಯಾದರೂ ಬೆಚ್ಚಗಿಡುತ್ತೆ. ಆದರೆ ಚುಚ್ಚುತ್ತೆ, ನೀನು ಕಂಪ್ಲೇಂಟ್ ಮಾಡ್ತೀಯ” ಎಂದು ನನ್ನ ಮುಖ ನೋಡಿ, ಪಾಲಿಪ್ರೊಪಿಲೀನ್ ಎಂಬ ನೂಲಿನ ಒಂದು ನೀಲಿ ಶರ್ಟು ಕೊಟ್ಟ. ನನ್ನ ಸೈಜಿನದು ಒಂದೇ ಇತ್ತು. ಗಾಳಿ ತಡೆಯಲು ಆ ನೇರಳೆ ನೈಲಾನ್ ಪ್ಯಾಂಟು, ಅದಕ್ಕೆ ಹೊಂದುವ ಜಿಪ್ಪಿನ ಜಾಕೆಟ್ಟು. ಕೊನೆಗೆ ಬೆರಳೆತ್ತಿ ಹೇಳಿದ: “ಈ ಶರ್ಟನ್ನ ಡ್ರೈಯರಿಗೆ ಹಾಕಬೇಡ. ಕರಗಿಹೋಗುತ್ತೆ. ಹ್ಯಾಂಗ್ ಇಟ್.”

ಎಲ್ಲಿ ಹ್ಯಾಂಗ್ ಮಾಡುವುದು? ಅಲ್ಲಿಂದಲೇ ಯುದ್ಧ.

ಗಂಡನ ಅಕ್ಕ ಅಕ್ಟೋಬರಿನಲ್ಲಿ ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಅವಳಿಗೆ ಆಗ ಅರವತ್ತು ದಾಟಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿ ಹೋದ ಮೇಲೆ ಇಬ್ಬರು ತಮ್ಮಂದಿರನ್ನು ಸಾಕಿ ಓದಿಸಿದವಳು. ಒಬ್ಬ ತಮ್ಮ ನನ್ನ ಗಂಡ. ಚಿಕ್ಕವನು ಅಟ್ಲಾಂಟಾ ಕಡೆ ಕಮ್ಮಿಂಗ್‌ನಲ್ಲಿದ್ದ. ಈ ಉಪಕಾರವನ್ನು ಅವಳು ತಾನಾಗಿ ಎಂದೂ ಹೇಳಿಕೊಳ್ಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳು ಕೋಣೆಗೆ ಬಂದರೆ ನನ್ನ ಗಂಡ ಚಾಚಿದ್ದ ಕಾಲು ಮಡಚಿ ಕೂರುತ್ತಿದ್ದರು.

ಅವಳದು ಮಡಿ. ನನ್ನ ತಂದೆ ಸರ್ಕಾರಿ ಇಂಜಿನಿಯರು, ಊರೂರು ವರ್ಗ. ನಮ್ಮ ಮನೆಯಲ್ಲಿ ಮಾಂಸ ಮೊಟ್ಟೆ ಬಿಟ್ಟರೆ ಇನ್ನಾವ ನಿಷೇಧವೂ ಇರಲಿಲ್ಲ. ಸಿಸ್ಟರುಗಳ ಧರ್ಮಪಾಠ, ಕ್ಯಾಟೆಕಿಸಂ, ನನಗೆ ಬರುತ್ತಿತ್ತು, ಮಡಿ ಬರುತ್ತಿರಲಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ. ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು, ಪೂಜೆ ಅಡುಗೆ ಮುಗಿಯುವವರೆಗೆ ಅವಳು ಯಾರನ್ನೂ, ಯಾರಾದರೂ ಮುಟ್ಟಿದ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ಕಾಲಿಗೆ ಸಾಕ್ಸೂ ಇಲ್ಲ, ಬರಿಗಾಲು. ತೀರಾ ಚಳಿಯಾದರೆ ಹೆಗಲ ಮೇಲೆ ಧಾಬಳಿ, ಮಡಿಯಲ್ಲಿ ಹೊದೆಯುವ ಕೆಂಪು ಅಂಚಿನ ಉಣ್ಣೆಬಟ್ಟೆ. ಅದಕ್ಕೆ ಕರ್ಪೂರದ ವಾಸನೆ.

ಡ್ರೈಯರಿನಲ್ಲಿ ನಮ್ಮೆಲ್ಲರ ಒಳಉಡುಪು ತಿರುಗಿರುತ್ತದಲ್ಲ, ಆದ್ದರಿಂದ ಮಡಿಸೀರೆ ಅದಕ್ಕೆ ಆಗದು. ನನ್ನ ಗಂಡ ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸ್ ಪಕ್ಕ ಒಂದು ಹಗ್ಗ ಕಟ್ಟಿದರು, ಪೊರಕೆಯ ಹಿಡಿ ಕತ್ತರಿಸಿ ಒಂದು ಕೋಲು ಮಾಡಿಕೊಟ್ಟರು. ಆ ಕೋಲಿನ ತುದಿಯಲ್ಲಿ ಸೀರೆ ಎತ್ತಿ ಅವಳು ಹಗ್ಗದ ಮೇಲೆ ಹರವುತ್ತಿದ್ದಳು. ಏನು ಕೈಚಳಕ ಅಂತೀರಿ! ಒಂದು ಸುಕ್ಕೂ ಇಲ್ಲದೆ.

ಈಗ ನನ್ನ ನೀಲಿ ಶರ್ಟಿಗೂ ಅದೇ ಹಗ್ಗ ಬೇಕಾಯಿತು. ಇಡೀ ಮನೆಯಲ್ಲಿ ಡ್ರೈಯರಿಗೆ ಆಗದ ಬಟ್ಟೆ ಎರಡೇ: ಅವಳ ಮಡಿ, ನನ್ನ ಪಾಲಿಪ್ರೊಪಿಲೀನ್.

“ಅದೇನದು ನಾತ? ಸತ್ತ ಇಲಿ ನೇತು ಹಾಕಿದೀಯೇನೆ?”

“ಒಗೆದಿದೀನಿ ಅಕ್ಕ. ಆ ನೂಲೇ ಹಾಗೆ.”

“ಒಗೆದ್ರೂ ನಾರೋ ಬಟ್ಟೆ! ಕಾನ್ವೆಂಟ್‌ನಲ್ಲಿ ಇದನ್ನೇ ಕಲಿಸಿದ್ರಾ ನಿಂಗೆ? ಆ ಕಡೆಗೆ ಹಾಕು. ಇನ್ನೂ ಆ ಕಡೆಗೆ. ನನ್ ಸೀರೆ ನೆರಳಿಗೆ ತಾಗ್ತಿದೆ.”

“ನೆರಳಿಗೂ ಮೈಲಿಗೆನಾ?”

“ನಿನ್ ನಾಲಿಗೆಗೆ ಮೊದ್ಲು.”

ಐವತ್ತರ ಹತ್ತಿರದ ಹೆಂಗಸು ಪ್ಯಾಂಟು ಹಾಕಿಕೊಂಡು ಬೀದಿಯಲ್ಲಿ ಓಡುವುದು ಅವಳಿಗೆ ಅಸಹ್ಯ. ಕಾಯಿಲೆಯ ವಿಷಯ ಹೇಳಿದೆ, ಅಮ್ಮನ ಪಾದದ ವಿಷಯವನ್ನೂ ಹೇಳಿದೆ. “ಮನೇಲಿ ನೆಲ ಒರೆಸು. ಎಲ್ಲಾ ಶುಗರೂ ಇಳಿಯತ್ತೆ” ಎಂದಳು. ನೆಲ ಒರೆಸುವುದಕ್ಕೆ ಅದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿದ ಮನೆ.

ನನ್ನ ಗಂಡನಿಗೆ ದೂರು ಕೊಟ್ಟರೆ ಅವರು ಪೇಪರ್ ಮಡಚುತ್ತಿದ್ದರು. “ಆರು ತಿಂಗಳು ತಾನೆ, ಅಡ್ಜಸ್ಟ್ ಮಾಡ್ಕೋ.” ಅಲ್ಲಿಗೆ ಮುಗಿಯಿತು. ಹೀಗಾಗಿ ಬೆಳಗಿನ ಆ ಒಂದು ಗಂಟೆ ಡಾಕ್ಟರ ಔಷಧಿಯೂ ಹೌದು, ಆ ಮನೆಯಿಂದ ರಜೆಯೂ ಹೌದು. ನೈಲಾನಿನ ಸದ್ದು ಅವಳಿಗೆ ಕೇಳಲಿ ಎಂದೇ ಮೆಟ್ಟಿಲ ಮೇಲೆ ಕಾಲು ಎಳೆದು ಇಳಿಯುತ್ತಿದ್ದೆ.

ಜನವರಿಯ ಒಂದು ಬೆಳಿಗ್ಗೆ ಶರ್ಟು ಹಗ್ಗದ ಮೇಲೆ ಇರಲಿಲ್ಲ. ಡ್ರೈಯರ್ ತಿರುಗುತ್ತಿತ್ತು. ಬಾಗಿಲು ತೆಗೆದರೆ ಒಳಗೆ ಗೊಂಬೆಗೆ ಹಾಕುವಷ್ಟು ಚಿಕ್ಕದಾಗಿ, ಸುಟ್ಟ ಹಪ್ಪಳದ ಹಾಗೆ ಮುದುಡಿ, ಗಟ್ಟಿಯಾಗಿ ಕೂತಿತ್ತು. ಅವಳು ಮಡಿಯಲ್ಲಿ ಇದ್ದಳು, ಕೈಯಲ್ಲಿ ಮುಟ್ಟುವ ಹಾಗಿಲ್ಲ. ಆ ಕೋಲಿನಿಂದ ಎತ್ತಿ ಡ್ರೈಯರಿನೊಳಗೆ ಬಿಟ್ಟು, ಕೋಲಿನ ತುದಿಯಿಂದಲೇ ಬಾಗಿಲು ಮುಚ್ಚಿ, ಅದೇ ತುದಿಯಿಂದ ಬಟನ್ ಒತ್ತಿದ್ದಳು.

“ಬೇಗ ಒಣಗ್ಲಿ ಅಂತ ಹಾಕ್ದೆ.”

“ಹಾಕಬಾರದು ಅಂತ ಹತ್ತು ಸಲ ಹೇಳಿದ್ದೆ!”

“ನೀನು ಇಂಗ್ಲಿಷಲ್ಲಿ ಏನೇನೋ ಹೇಳ್ತಿರ್ತೀಯ. ನಂಗೆ ತಿಳಿಯಲ್ಲ, ಮೆಟ್ರಿಕ್ ಫೇಲು ನಾನು.”

ಮೆಟ್ರಿಕ್ ಫೇಲಾದವಳು ಡ್ರೈಯರಿನ ಡಯಲನ್ನೂ ಕೋಲಿನಿಂದಲೇ ನೂಕಿ ‘ಹೈ ಹೀಟ್’ಗೆ ತಂದಿಟ್ಟಿದ್ದಳು. ಆ ಶರ್ಟನ್ನು ಅವಳ ಮುಂದೆ ಹಿಡಿದು ಏನೇನು ಅಂದೆನೋ ನೆನಪಿಲ್ಲ. ಅರ್ಧ ಇಂಗ್ಲಿಷಿನಲ್ಲಿ ಅಂದೆ. ಹಾಳು ಮಾಡಬೇಕೆಂದೇ ಹಾಕಿದಳು ಎಂಬುದರಲ್ಲಿ ನನಗೆ ಅವತ್ತು ಸಂಶಯವಿರಲಿಲ್ಲ. ಇವತ್ತೂ ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ ನನ್ನ ಸೈಜ್ ಬರಲು ಎರಡು ವಾರ ಎಂದ. ಡಾಕ್ಟರು ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಮಾರನೆಯ ದಿನ ಹಟಕ್ಕೆ ಬಿದ್ದು ಮತ್ತೆ ಕಾಟನ್ ಬನಿಯನ್ ಹಾಕಿಕೊಂಡೆ, ಮೇಲೆ ನೈಲಾನ್. ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಮೂರು ಮೈಲಿ ಹೋಗಿ ತಿರುಗುವಾಗ ಅರೆಮಳೆ ಅರೆಹಿಮ ಶುರುವಾಯಿತು. ಗಾಳಿ ಎದುರಿಗೆ. ಎದೆಗಂಟಿದ ಬನಿಯನ್ ತಣ್ಣನೆಯ ತಗಡಾಯಿತು. ಓಡಲು ಆಗಲಿಲ್ಲ, ನಡೆದಷ್ಟೂ ಇನ್ನೂ ತಣ್ಣಗಾಗುತ್ತಿದ್ದೆ. ಮನೆಯ ಬಾಗಿಲಿಗೆ ಬಂದಾಗ ಬೆರಳಿಗೆ ಬೀಗದಕೈ ಹಿಡಿಯಲು ಬರಲಿಲ್ಲ. ಮೊಣಕೈಯಿಂದ ಬೆಲ್ ಒತ್ತಿದೆ. ಗಂಡ ಆಫೀಸಿಗೆ, ಮಗಳು ಸ್ಕೂಲಿಗೆ ಹೋಗಿದ್ದರು. ಬಾಗಿಲು ತೆಗೆದವಳು ಅವಳು. ರೇಷ್ಮೆ ಮಡಿ, ಹೆಗಲ ಮೇಲೆ ಧಾಬಳಿ. ಪೂಜೆಯ ನಡುವೆ ಎದ್ದು ಬಂದಿದ್ದಳು.

“ಅಲ್ಲೇ ನಿಲ್ಲು. ಹತ್ರ ಬರ್ಬೇಡ. ಆ ಒದ್ದೆ ಬನೀನು ತೆಗಿ ಮೊದ್ಲು.”

ಜಿಪ್ ಹಿಡಿಯಲು ಬೆರಳು ಮಡಚಲಿಲ್ಲ. ಹಲ್ಲು ಕಟಕಟ. ಮಾತಾಡಲು ಹೋದರೆ ನಾಲಿಗೆ ತೊದಲಿತು.

“ಹಲ್ಲಲ್ಲಿ ಕಚ್ಚಿ ಎಳಿ! ನೋಡ್ತಾ ನಿಂತ್ಕೋಬೇಡ ಕಂಬದ ಹಾಗೆ. ಎಳಿ!”

ಮೂರು ಅಡಿ ದೂರದಲ್ಲಿ ನಿಂತು ಬೈಯುತ್ತಲೇ ಇದ್ದಳು. ಹಲ್ಲಿನಿಂದ ಜಿಪ್ ಎಳೆದು, ನಡುಮನೆಯಲ್ಲಿ ಬನಿಯನ್ ಕಿತ್ತು ಬಿಸಾಡಿ, ಬೆತ್ತಲೆ ಬೆನ್ನಿನಲ್ಲಿ ನಡುಗುತ್ತಾ ಕೂತೆ. ಆಗ ಅವಳು ಹೆಗಲಿನಿಂದ ಧಾಬಳಿ ತೆಗೆದು ನನ್ನ ಮೇಲೆ ಎಸೆದಳು. ಮುಖಕ್ಕೆ ಬಡಿಯಿತು.

“ಹೊದ್ಕೋ. ಹೋಯ್ತು, ಇನ್ನು ಅದು ನಂಗ್ಯಾಕೆ, ನೀನೇ ಇಟ್ಕೋ. ಸಾಯೋದಿದ್ರೆ ಎಲ್ಲಾದ್ರೂ ಹೋಗಿ ಸಾಯಿ, ನನ್ ತಮ್ಮನ್ ಮನೇಲಿ ಬೇಡ.”

ಆಮೇಲೆ ಮೆಣಸಿನ ಕಷಾಯ ಮಾಡಿ ತಂದಳು. ಲೋಟವನ್ನು ನೆಲದ ಮೇಲಿಟ್ಟು ಕೋಲಿನಿಂದ ನನ್ನ ಕಡೆಗೆ ತಳ್ಳಿದಳು. ಅರ್ಧ ಕಾರ್ಪೆಟ್ಟಿಗೆ ಚೆಲ್ಲಿತು. ಉಳಿದರ್ಧ ಕುಡಿದೆ. ಹೊಟ್ಟೆಗೆ ಬಿಸಿ ಇಳಿದಂತೆ ಸಿಟ್ಟೂ ಇಳಿಯಬೇಕಿತ್ತು. ಇಳಿಯಲಿಲ್ಲ. ಬೀದಿನಾಯಿಗೆ ಹಾಕಿದ ಹಾಗೆ ಅನ್ನಿಸಿತು.

ನನ್ನ ಮೈ ತಾಗಿದ್ದಕ್ಕೆ ಆ ಬಟ್ಟೆ ಅವಳಿಗೆ ಬೇಡವಾಯಿತು ಎಂದುಕೊಂಡೆ. ‘ನೀನೇ ಇಟ್ಕೋ’ ಎಂದಿದ್ದಳಲ್ಲ. ನಮ್ಮ ಸಿಸ್ಟರುಗಳು ಕಲಿಸಿದ್ದು ಅದು: ಸೇ ವಾಟ್ ಯು ಮೀನ್, ಗರ್ಲ್ಸ್. ಆಡಿದ ಮಾತಿಗೆ ಆಡಿದ್ದೇ ಅರ್ಥ. ಧಾಬಳಿ ಒಂದು ವಾರ ನನ್ನ ಕ್ಲಾಸೆಟ್ಟಿನಲ್ಲಿತ್ತು. ಅವಳು ಕೇಳಲಿಲ್ಲ. ಆಗ ಅಂಗಡಿಯ ಮುದುಕನ ಮಾತು ನೆನಪಾಯಿತು, ಒದ್ದೆಯಾದರೂ ಬೆಚ್ಚಗಿಡುತ್ತೆ.

ಒಂದು ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಾಗ ಡೈನಿಂಗ್ ಟೇಬಲಿನ ಮೇಲೆ ಧಾಬಳಿ ಹರವಿ, ಗಂಡನ ಬನಿಯನ್ ಒಂದನ್ನು ಅಳತೆಗೆ ಇಟ್ಟು ಕತ್ತರಿಸಿದೆ. ಹೊಲಿಗೆ ಮಷೀನಿನಲ್ಲಿ ತೋಳಿಲ್ಲದ ಒಂದು ಬನಿಯನ್ ಆಯಿತು. ಕೆಂಪು ಅಂಚು ಕೆಳಗೆ ಬರುವ ಹಾಗೆ ಇಟ್ಟೆ, ಅದು ಬಿಚ್ಚಿಕೊಳ್ಳುವುದಿಲ್ಲ ಎಂದು. ಉಳಿದದ್ದರಲ್ಲಿ ಕಿವಿಗೆ ಪಟ್ಟಿ, ಕೈಗೆ ಒಂದು ಜೊತೆ ಮಿಟನ್. ಗಂಡ ಎದುರಿಗೇ ಸೋಫಾದಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಒಂದು ಸಲ ತಿರುಗಿ ನೋಡಿದರು. ವಾಲ್ಯೂಮ್ ಜಾಸ್ತಿ ಮಾಡಿದರು.

ಅದರಂಥ ಬಟ್ಟೆಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಚುಚ್ಚಿತು, ನಿಜ, ಮೊದಲ ನಾಲ್ಕು ದಿನ ಹೊಟ್ಟೆಯೆಲ್ಲ ಕೆಂಪು. ಆಮೇಲೆ ನನ್ನ ಬೆವರಿಗೆ ಪಳಗಿತು. ಎಷ್ಟು ಬೆವರಿದರೂ ಬೆನ್ನು ತಣ್ಣಗಾಗಲಿಲ್ಲ. ನೀಲಿ ಶರ್ಟಿನ ಹಾಗೆ ನಾರುತ್ತಲೂ ಇರಲಿಲ್ಲ. ಓಡಿ ಬಿಸಿಯಾದರೆ ಕತ್ತಿನ ಸಂದಿಯಿಂದ ಕರ್ಪೂರ, ಹೊಗೆ, ಹಳೆಯ ಟ್ರಂಕಿನ ವಾಸನೆ ಏಳುತ್ತಿತ್ತು. ಫೆಬ್ರವರಿ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ಹಿಮದ ಮೇಲೆ ಓಡಿದೆ, ಹಿಮ ಕರಗಿದ ಕೆಸರಿನ ಮೇಲೆ ಓಡಿದೆ. ಹೊಸ ಶರ್ಟು ಬಂದಿದೆ ಎಂದು ಅಂಗಡಿಯಿಂದ ಫೋನ್ ಬಂದಾಗ ಬೇಡವೆಂದೆ. ಬನಿಯನ್ ಒಗೆದರೆ ಅವಳ ಹಗ್ಗಕ್ಕೆ ಹಾಕದೆ ನನ್ನ ಬಾತ್‌ರೂಮಿನ ಒಳಗೆ ಒಣಗಿಸುತ್ತಿದ್ದೆ. ಭಯಕ್ಕಲ್ಲ. ಮತ್ತೆ ಆ ಕೋಲಿಗೆ ಸಿಗಬಾರದು ಎಂದು.

ಶಿವರಾತ್ರಿಯ ಹಿಂದಿನ ದಿನ ಬೆಳಿಗ್ಗೆ ಅವಳು ನನ್ನ ಕೋಣೆಯ ಬಾಗಿಲಿಗೆ ಬಂದಳು. ಕಾಲ ಬೆರಳುಗಳು ಚಳಿಗೆ ನೀಲಿಯಾಗಿದ್ದವು.

“ಧಾಬಳಿ ಬಿಸಿಲಿಗೆ ಹಾಕಿದ್ಯಾ? ನಾಳೆ ಬೇಕು.”

“ಯಾವ ಧಾಬಳಿ?”

“ಯಾವ್ದು ಅಂದ್ರೆ? ನಿಂಗೆ ಹೊದಿಸಿದ್ನಲ್ಲ, ಅದು. ಈ ಊರಲ್ಲಿ ಬಿಸಿಲೇ ಇರ್ಲಿಲ್ಲ, ಅದಕ್ಕೆ ಕೇಳ್ಲಿಲ್ಲ ಇಷ್ಟು ದಿನ. ಉಣ್ಣೆಗೆ ಒಂದು ದಿನದ ಬಿಸಿಲು ಸಾಕು, ಮಡಿಗೆ ಬರತ್ತೆ.”

ನನ್ನ ಹಿಂದೆ ಬಾತ್‌ರೂಮಿನ ಬಾಗಿಲು ತೆರೆದಿತ್ತು. ಶವರ್ ರಾಡಿನ ಮೇಲೆ ಬನಿಯನ್ ತೂಗುತ್ತಿತ್ತು, ಕೆಂಪು ಅಂಚು ಕೆಳಗೆ. ಅವಳು ಅದನ್ನು ನೋಡುತ್ತಾ ನಿಂತಳು. ಏನೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು. ಬಟ್ಟೆಯ ಆಕಾರವೇ ಬದಲಾಗಿತ್ತಲ್ಲ.

“ಕತ್ತರಿ ಹಾಕಿದ್ಯಾ?”

“ನೀವೇ ಇಟ್ಕೋ ಅಂದ್ರಿ.”

“ಕೋಪಕ್ಕೆ ನೂರು ಅಂತೀನಿ ನಾನು. ಸಾಯಿ ಅಂತಾನೂ ಅಂದೆ. ಸತ್ತೋದ್ಯಾ?”

ಮಡಿಯಲ್ಲಿದ್ದಳು. ಆದರೂ ಒಳಗೆ ಬಂದು, ಕೈಯಿಂದಲೇ, ಆ ಒದ್ದೆ ಅಂಚನ್ನು ಹಿಡಿದಳು. ನನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಇದು ನಮ್ಮಮ್ಮನ್ದು ಕಣೇ” ಎಂದಳು. ಅಷ್ಟೇ. ಅವಳು ಕಿರುಚಿದ್ದರೆ ನಾನೂ ಕಿರುಚಬಹುದಿತ್ತು.

ಸಂಜೆ ಗಂಡನನ್ನು ಕೇಳಿದೆ: “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನಿಂಗೂ ಗೊತ್ತಿದೆ ಅಂದ್ಕೊಂಡೆ.”

“ಕತ್ತರಿಸ್ತಿರೋವಾಗ ಒಂದು ಮಾತು ಹೇಳಬಹುದಿತ್ತಲ್ಲ!”

“ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬರ್ಲಿ?” ಎಂದರು. ಈ ಬರಹ ಮುಗಿಯುವ ಮುಂಚೆ ಅವರ ಬಗ್ಗೆ ಇಷ್ಟಾದರೂ ಹೇಳಬೇಕು: ನನ್ನ ಸಿಟ್ಟಿನ ಒಂದು ದೊಡ್ಡ ಪಾಲು ಅವರಿಗೆ ಸೇರಬೇಕಾದದ್ದು. ಅಕ್ಕನ ಹಾಗೆ ಅವರೂ ಈಗ ಇಲ್ಲ.

ಅವಳು ಶಿವರಾತ್ರಿಯ ಪೂಜೆ ಬರೀ ರೇಷ್ಮೆಯಲ್ಲಿ ಮಾಡಿದಳು, ನಡುಗುತ್ತಾ. ಥರ್ಮೋಸ್ಟಾಟ್ ಏರಿಸಲು ಹೋದರೆ “ಬೇಡ” ಎಂದಳು. ಪೂಜೆ ಮುಗಿಸಿ ತಮ್ಮನಿಗೆ ಹೇಳಿದಳು: “ನನ್ನನ್ನ ಚಿಕ್ಕೋನ ಮನೇಗೆ ಬಿಟ್ಬಿಡು. ಉಳಿದ ದಿನ ಅಲ್ಲಿರ್ತೀನಿ.” ಕ್ಷಮೆ ಕೇಳು ಎಂದು ಯಾರೂ ನನಗೆ ಹೇಳಲಿಲ್ಲ. ನಾನಾಗಿ ಕೇಳಲಿಲ್ಲ. ಶರ್ಟಿನ ಲೆಕ್ಕ ಇನ್ನೂ ನನ್ನ ಮನಸ್ಸಿನಲ್ಲಿತ್ತು.

ಮಾರ್ಚ್ ಮೊದಲ ವಾರ ಟೆಸ್ಟ್ ಆಯಿತು. ಡಾಕ್ಟರು ರಿಪೋರ್ಟ್ ತಿರುಗಿಸಿ ತೋರಿಸಿದರು. “ವಾಟೆವರ್ ಯು ಆರ್ ಡೂಯಿಂಗ್, ಕೀಪ್ ಡೂಯಿಂಗ್ ಇಟ್.” ಕಾರಿನಲ್ಲಿ ಕೂತು ಶೂ ಬಿಚ್ಚಿ, ನನ್ನ ಹತ್ತು ಕಾಲ್ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಂಡೆ. ಮನೆಗೆ ಬಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಧಾಬಳಿಗೆ ಕ್ರೆಡಿಟ್ ಕೊಡಬೇಕಾಗುತ್ತಿತ್ತು.

ಅದೇ ಶನಿವಾರ ಹೊರಟೆವು. ಮಗಳನ್ನು ಫ್ರೆಂಡ್ ಮನೆಯಲ್ಲಿ ಬಿಟ್ಟು, ನಾವು ಮೂವರೇ. ಅವಳು ಹಿಂದಿನ ಸೀಟಿನಲ್ಲಿ ಸೂಟ್‌ಕೇಸಿನ ಪಕ್ಕ, ತೊಡೆಯ ಮೇಲೆ ಅಡ್ಡಲಾಗಿ ಆ ಪೊರಕೆಯ ಕೋಲು. ಡರ್ಹಮ್ ದಾಟಿ ಒಂದು ರೆಸ್ಟ್ ಏರಿಯಾದಲ್ಲಿ ಮೊಸರನ್ನ ಬಿಚ್ಚಿದೆ. ನನ್ನ ಕೈಯಡುಗೆ ಎಂದು ಮುಟ್ಟಲಿಲ್ಲ. ಎರಡು ಬಾಳೆಹಣ್ಣು ತಿಂದಳು. ಸೌತ್ ಕ್ಯಾರೊಲಿನಾದಲ್ಲಿ ರಸ್ತೆಯ ಪಕ್ಕ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಒಂದಿದೆ. ಹಿಂಬದಿಯಿಂದ ನೋಡಿದರೆ ಹಣ್ಣಿನ ಹಾಗೆ ಕಾಣುವುದಿಲ್ಲ.

“ಥೂ, ಏನೋ ಇದು? ಬಟ್ಟೆ ಇಲ್ಲದ ಅಂಡು ಕಟ್ಟಿಸಿದಾರಲ್ಲೋ!” ಎಂದಳು ತಮ್ಮನಿಗೆ.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ಅವಳ ತುಟಿಯೂ ಅಲುಗಿದ್ದು ಕಂಡಿತು. ನಾನು ನೋಡಿದ್ದು ಗೊತ್ತಾಗಿ ಕಿಟಕಿಯ ಕಡೆ ತಿರುಗಿಕೊಂಡಳು.

ಕಮ್ಮಿಂಗ್‌ನ ಆ ಮನೆ ಹೊಸದು. ಸುತ್ತ ಕೆಂಪು ಮಣ್ಣು, ಗೂಟಕ್ಕೆ ಕಟ್ಟಿದ ಎಳೆಗಿಡಗಳು, ಒಂದರ ಪಡಿಯಚ್ಚು ಇನ್ನೊಂದು ಎನ್ನುವಂಥ ಮನೆಗಳು. ಅಂಗಳದಲ್ಲಾಗಲಿ ಡೆಕ್ಕಿನಲ್ಲಾಗಲಿ ಬಟ್ಟೆ ಒಣಗಿಸುವಂತಿಲ್ಲ ಎಂದು ಆ ಬಡಾವಣೆಯ ರೂಲು. ಮೈದುನ ಅಕ್ಕನಿಗೆ ಗರಾಜಿನೊಳಗೆ ಹಗ್ಗ ಕಟ್ಟಿಕೊಟ್ಟ.

ಮಾರನೆಯ ಬೆಳಿಗ್ಗೆ ನಾವು ವಾಪಸ್ ಹೊರಡುವ ಮುಂಚೆ ಓಡಲು ಹೋದೆ. ಅಲ್ಲೂ ಹೊರಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಒಳಗೆ ಧಾಬಳಿ, ಮೇಲೆ ನೈಲಾನ್. ಬೀದಿ ಖಾಲಿ. ಸರ್ರಕ್ ಸರ್ರಕ್ ಎಂಬ ಸದ್ದು ಹೊಸ ಮನೆಗಳ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಒಂದು ಸುತ್ತು ಮುಗಿಸಿ ತಿರುಗಿದಾಗ ಗರಾಜಿನ ಬಾಗಿಲು ಮೇಲೆದ್ದಿತ್ತು. ಅವಳು ಬೀದಿಗೆ ಬೆನ್ನು ಹಾಕಿ, ಕೋಲಿನ ತುದಿಯಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದಳು. ಹೆಗಲ ಮೇಲೆ ಏನೂ ಇರಲಿಲ್ಲ. ನನ್ನ ಸದ್ದು ಅವಳಿಗೆ ಕೇಳಿತು. ಕೋಲು ಎತ್ತಿದಲ್ಲೇ ನಿಂತಿತು. ಸದ್ದು ದಾಟಿ ಹೋಗಲಿ ಎಂದು ಕಾಯುತ್ತಿದ್ದಾಳೆ ಎಂದು ಬೆನ್ನು ನೋಡಿಯೇ ಗೊತ್ತಾಯಿತು.

ನಾನು ಡ್ರೈವ್‌ವೇಯ ತುದಿಯಲ್ಲಿ ನಿಂತೆ. ಸದ್ದೂ ನಿಂತಿತು. ಅವಳು ಇನ್ನೂ ಸ್ವಲ್ಪ ಕಾದು, ಸೀರೆ ಹಗ್ಗಕ್ಕೆ ಹರವಿ, ತಿರುಗಿದಳು.

“ಇನ್ನೂ ಹೋಗಿಲ್ವಾ?”

ಶುಗರ್ ಇಳಿದಿದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. “ಹೊರಟೆ ಅಕ್ಕ” ಎಂದಷ್ಟೇ ಬಂತು.

ಅವಳು ನನ್ನ ಕತ್ತಿನ ಹತ್ತಿರ, ನೈಲಾನಿನ ಜಿಪ್ಪಿನ ಸಂದಿಯಲ್ಲಿ, ಕಾಣುತ್ತಿದ್ದ ಉಣ್ಣೆಯನ್ನು ನೋಡಿದಳು. ಆಮೇಲೆ ಕೋಲು ಚಾಚಿ, ಅದರ ತುದಿಯಿಂದ ಗೋಡೆಯ ಬಟನ್ ಒತ್ತಿದಳು. ಬಾಗಿಲು ಗಡಗಡ ಎನ್ನುತ್ತಾ ಇಳಿಯತೊಡಗಿತು. ಮೊದಲು ಅವಳ ಮುಖ ಹೋಯಿತು, ಆಮೇಲೆ ಕೋಲು, ಆಮೇಲೆ ಸೀರೆಯ ನೆರಿಗೆ. ಕೊನೆಗೆ ಕಂಡದ್ದು ತಣ್ಣನೆಯ ಸಿಮೆಂಟಿನ ಮೇಲೆ ಅವಳ ಎರಡು ಬರಿಗಾಲು.